ಬಿಚ್ಚುವ ಕೈ, ಬರೆಯುವ ಕೈ

ಪ್ರಯೋಗಾಲಯದ ಉದ್ದನೆಯ ಮೇಜಿನ ಮೇಲೆ ಒಂದು ವಿದ್ಯುತ್ ಸ್ಕೂಟರ್ ಮಲಗಿರುತ್ತದೆ. ನಿಂತು ಓಡಿಸುವ, ಮಡಚಿ ಕೈಯಲ್ಲಿ ಹಿಡಿದು ರೈಲು ಹತ್ತಬಹುದಾದ ಚಿಕ್ಕ ವಾಹನ ಅದು. ಸುತ್ತ ನಾಲ್ಕೈದು ವಿದ್ಯಾರ್ಥಿಗಳು. ಒಬ್ಬಳು ಅಲೆನ್ ಕೀ ಹಿಡಿದು ತಳದ ಮುಚ್ಚಳ ತೆಗೆಯುತ್ತಾಳೆ. ಇನ್ನೊಬ್ಬ ಮಲ್ಟಿಮೀಟರಿನಿಂದ ಬ್ಯಾಟರಿಯ ವೋಲ್ಟೇಜು ಅಳೆಯುತ್ತಾನೆ. ಮತ್ತೊಬ್ಬಳು ಕಳಚಿದ ಪ್ರತಿಯೊಂದು ಸ್ಕ್ರೂವನ್ನೂ ಹಾಳೆಯ ಮೇಲೆ ಅಂಟಿಸಿ ಪಕ್ಕದಲ್ಲಿ ಸಂಖ್ಯೆ ಬರೆಯುತ್ತಾಳೆ. ಕೊನೆಯಲ್ಲಿ ಒಂದು ವರದಿ, ಒಂದು ಪ್ರಾತ್ಯಕ್ಷಿಕೆ, ತಂಡಕ್ಕೆ ಅಂಕ. ಮಲೇಶಿಯಾದ ಎಂಜಿನಿಯರಿಂಗ್ ಶಿಕ್ಷಣದಲ್ಲಿ ತಂಡವಾಗಿ ಮಾಡುವ ಇಂಥ ಕೆಲಸಕ್ಕೆ ಈಗ ಗೌರವದ ಸ್ಥಾನವಿದೆ. 2009ರಲ್ಲಿ ಆ ದೇಶ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ತಂಡದಲ್ಲಿ ದುಡಿಯುವುದು, ಸಮಾಜ ಮತ್ತು ಪರಿಸರದ ಮೇಲೆ ತನ್ನ ಕೆಲಸದ ಪರಿಣಾಮವನ್ನು ಅರಿಯುವುದು ಎಂಜಿನಿಯರಿಂಗ್ ಪದವೀಧರನ ಲಕ್ಷಣಗಳೆಂದು ಆ ಒಪ್ಪಂದ ಪಟ್ಟಿ ಮಾಡುತ್ತದೆ. ಭಾರತ ಅದೇ ಒಪ್ಪಂದವನ್ನು ಪೂರ್ಣವಾಗಿ ಸೇರಿದ್ದು 2014ರಲ್ಲಿ.

ಬಿಚ್ಚಿ ಕಲಿಯುವ ವಿಧಾನಕ್ಕೆ ವಿದ್ವತ್ತಿನ ಮನ್ನಣೆ ದೊರೆತದ್ದು ಬಹಳ ಹಿಂದೇನಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶೆರಿ ಶೆಪರ್ಡ್ ‘ಮೆಕ್ಯಾನಿಕಲ್ ಡಿಸೆಕ್ಷನ್’ ಎಂಬ ಪಾಠಕ್ರಮವನ್ನು ರೂಪಿಸಿದರು. ವೈದ್ಯಕೀಯ ವಿದ್ಯಾರ್ಥಿ ಶವವನ್ನು ಛೇದಿಸಿ ದೇಹವನ್ನು ಅರಿಯುವಂತೆ, ಎಂಜಿನಿಯರಿಂಗ್ ವಿದ್ಯಾರ್ಥಿ ಯಂತ್ರವನ್ನು ಬಿಚ್ಚಿ ಅದನ್ನು ರೂಪಿಸಿದವರ ವಿಚಾರವನ್ನು ಅರಿಯಬೇಕೆಂಬುದು ಅದರ ಹಿಂದಿನ ತರ್ಕ. ಅಲ್ಲಿಯವರೆಗೆ ಸಮೀಕರಣಗಳಿಂದ ಆರಂಭಗೊಂಡು ಸಮೀಕರಣಗಳಲ್ಲೇ ಮುಗಿಯುತ್ತಿದ್ದ ತರಗತಿಗೆ ಗ್ರೀಸಿನ ವಾಸನೆ ಬಂದದ್ದು ನಿಜವಾದ ಸುಧಾರಣೆಯೇ. ಆದರೆ ಮಲೇಶಿಯಾದಂಥ ದೇಶದಲ್ಲಿ ಸ್ಕೂಟರನ್ನು ಬಿಚ್ಚುವ ಈ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಬಿಚ್ಚಿದ ವಸ್ತು ಎಲ್ಲಿಂದ ಬಂತು, ಇನ್ನೆಲ್ಲಿಗೆ ಹೋಗುತ್ತದೆ, ಅದನ್ನು ದಿನವೂ ಬಿಚ್ಚುವ ಇತರ ಕೈಗಳು ಯಾರವು ಎಂಬ ಮೂರು ಪ್ರಶ್ನೆಗಳು ವರದಿಯ ಹೊರಗೇ ಉಳಿಯುತ್ತವೆ.

ಸ್ಕೂಟರಿನ ಹೊಟ್ಟೆಯೊಳಗಿಂದಲೇ ಆರಂಭಿಸಬಹುದು. ಪಾದದ ಹಲಗೆಯ ಕೆಳಗೆ 36 ವೋಲ್ಟಿನ ಬ್ಯಾಟರಿ ಇರುತ್ತದೆ. ಪೆನ್‌ಟಾರ್ಚಿನ ಸೆಲ್ಲಿಗಿಂತ ತುಸು ದಪ್ಪನೆಯ ಲಿಥಿಯಂ-ಅಯಾನ್ ಸೆಲ್‌ಗಳನ್ನು ಹತ್ತರ ಸಾಲಿನಲ್ಲಿ ಬೆಸೆದು ಆ ವೋಲ್ಟೇಜು ಪಡೆಯಲಾಗುತ್ತದೆ. ಪೂರ್ತಿ ಚಾರ್ಜಾದಾಗ ಅದು 42 ವೋಲ್ಟ್ ತಲುಪುತ್ತದೆ. ಸೆಲ್‌ಗಳ ಮೇಲೆ ಕಾವಲಿಗೆ ಕುಳಿತ ಚಿಕ್ಕ ಹಸಿರು ಹಲಗೆ ಯಾವ ಸೆಲ್ಲೂ ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ ನೋಡಿಕೊಳ್ಳುತ್ತದೆ. ಅದರಾಚೆ ಕಂಟ್ರೋಲರ್: ಆರು ವಿದ್ಯುತ್ ಸ್ವಿಚ್ಚುಗಳು, ಅಂದರೆ ಮಾಸ್‌ಫೆಟ್‌ಗಳು, ಬ್ಯಾಟರಿಯ ನೇರ ವಿದ್ಯುತ್ತನ್ನು ಮೂರು ಹಂತಗಳ ಪ್ರವಾಹವಾಗಿ ಕತ್ತರಿಸಿ ಚಕ್ರದೊಳಗಿನ ಮೋಟಾರಿಗೆ ಕಳಿಸುತ್ತವೆ. ಮೋಟಾರಿನ ನಡುಭಾಗದಲ್ಲಿ ತಾಮ್ರದ ಸುರುಳಿಗಳು ಸ್ಥಿರವಾಗಿ ಕುಳಿತಿರುತ್ತವೆ; ಒಳಗೋಡೆಗೆ ಅಂಟಿಸಿದ ಅಯಸ್ಕಾಂತಗಳ ಬಳೆ ಚಕ್ರದೊಂದಿಗೆ ತಿರುಗುತ್ತದೆ. ಗೇರಿಲ್ಲ, ಚೈನಿಲ್ಲ, ಸವೆಯುವ ಬ್ರಷ್ಷಿಲ್ಲ. ಇಷ್ಟನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಪಠ್ಯಪುಸ್ತಕದ ಅಧ್ಯಾಯವೊಂದು ಒಮ್ಮೆಲೇ ಅರ್ಥವಾಗುತ್ತದೆ.

ಆದರೆ ಅದೇ ಮೇಜಿನ ಮೇಲೆ ಇನ್ನೊಂದು ಪಾಠವೂ ಹರಡಿಕೊಂಡಿದೆ. ಕಂಟ್ರೋಲರಿನ ಚಿಪ್ಪುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಲವೊಮ್ಮೆ ಅವುಗಳ ಬೆನ್ನ ಮೇಲೆ ‘ಮಲೇಶಿಯಾ’ ಎಂದೇ ಅಚ್ಚಾಗಿರುತ್ತದೆ. ಜಗತ್ತಿನ ಚಿಪ್ ಪರೀಕ್ಷೆ ಮತ್ತು ಪ್ಯಾಕೇಜಿಂಗ್ ಉದ್ಯಮದಲ್ಲಿ ಆ ದೇಶದ ಪಾಲು ಸುಮಾರು ಶೇ. 13. ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿ ಮುಕ್ತ ವ್ಯಾಪಾರ ವಲಯ ತಲೆಯೆತ್ತಿದ್ದು, ಅಲ್ಲಿಗೆ ಇಂಟೆಲ್ ಬಂದದ್ದು 1972ರಲ್ಲಿ. ಕೆದಾ ರಾಜ್ಯದ ಕುಲಿಮ್‌ನಲ್ಲಿ ಇನ್ಫಿನಿಯಾನ್ ಕಂಪನಿ ಸಿಲಿಕಾನ್ ಕಾರ್ಬೈಡ್ ಚಿಪ್ಪುಗಳ ಬೃಹತ್ ಕಾರ್ಖಾನೆಯ ಮೊದಲ ಹಂತವನ್ನು 2024ರ ಆಗಸ್ಟ್‌ನಲ್ಲಿ ಆರಂಭಿಸಿತು. ಸೆರೆಂಬಾನ್‌ನಲ್ಲಿ ಸ್ಯಾಮ್‌ಸಂಗ್ ಎಸ್‌ಡಿಐ ಲಿಥಿಯಂ ಸೆಲ್‌ಗಳನ್ನು ತಯಾರಿಸುತ್ತದೆ. ಹೊರದೇಶದ ಹೆಸರು ಹೊತ್ತು ಬಂದ ಸ್ಕೂಟರಿನ ಒಳಗೆ ಆ ವಿದ್ಯಾರ್ಥಿಗಳ ಅಜ್ಜಿ, ಚಿಕ್ಕಮ್ಮಂದಿರ ಕೆಲಸವೂ ಇರಬಹುದು.

ಅಜ್ಜಿ, ಚಿಕ್ಕಮ್ಮ ಎಂದದ್ದಕ್ಕೆ ಕಾರಣವಿದೆ. 1970ರ ದಶಕದ ಆ ಕಾರ್ಖಾನೆಗಳ ಸಾಲುಗಳಲ್ಲಿ ಕುಳಿತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂದಲೆಳೆಯಂಥ ತಂತಿ ಬೆಸೆದವರು ಬಹುಪಾಲು ಹಳ್ಳಿಗಳಿಂದ ಬಂದ ಯುವತಿಯರು. ದೇಶದ ರಫ್ತು ಅವರ ಬೆರಳ ತುದಿಯಲ್ಲಿ ಬೆಳೆಯಿತು. ಊರು ಅವರಿಗೆ ಕೊಟ್ಟ ಹೆಸರು ಮಾತ್ರ ‘ಮಿನಾ ಕರಣ್’. ಕರಣ್ ಎಂದರೆ ಕರೆಂಟು. ಕರೆಂಟಿನ ಹುಡುಗಿ ಎಂಬ ಹೀಯಾಳಿಕೆ ಅದು. ಸೆಲಾಂಗೊರ್ ರಾಜ್ಯದ ಕುವಾಲಾ ಲಂಗಾಟ್ ಜಿಲ್ಲೆಯಲ್ಲಿ ಅಂಥ ಕಾರ್ಮಿಕ ಮಹಿಳೆಯರ ನಡುವೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಐಹ್ವಾ ಓಂಗ್ 1987ರಲ್ಲಿ ಪ್ರಕಟಿಸಿದ ಗ್ರಂಥ, ಕಾರ್ಖಾನೆಯ ನಡುವೆಯೇ ಅವರಿಗೆ ದೆವ್ವ ಮೆಟ್ಟಿಕೊಳ್ಳುತ್ತಿದ್ದ ಪ್ರಸಂಗಗಳನ್ನು ದುಡಿಮೆಯ ಶಿಸ್ತಿಗೆ ತೋರಿದ ಪ್ರತಿರೋಧವೆಂದು ಓದುತ್ತದೆ. ಚಿಪ್ಪಿನ ದತ್ತಾಂಶ ಹಾಳೆಯಲ್ಲಿ ತಾಪಮಾನದ ಮಿತಿ ಇರುತ್ತದೆ. ಅದನ್ನು ಬೆಸೆದ ದೇಹದ ಮಿತಿ ಇರುವುದಿಲ್ಲ.

ಅಯಸ್ಕಾಂತದ ಕಥೆ ಇದಕ್ಕಿಂತ ಕಠೋರ. ಮೋಟಾರಿನ ಬಳೆಯಲ್ಲಿರುವುದು ನಿಯೋಡಿಮಿಯಂ ಬೆರೆತ ಅಯಸ್ಕಾಂತ. ನಿಯೋಡಿಮಿಯಂ ವಿರಳ ಭೂಧಾತುಗಳ ಗುಂಪಿಗೆ ಸೇರಿದ್ದು. ಈ ಧಾತುಗಳು ಇರುವ ಅದಿರಿನಲ್ಲಿ ಬಹಳ ಸಲ ವಿಕಿರಣಶೀಲ ಥೋರಿಯಂ ಕೂಡ ಇರುತ್ತದೆ. ಮಲೇಶಿಯಾಕ್ಕೆ ಈ ಸಂಬಂಧ ಚೆನ್ನಾಗಿ ಗೊತ್ತು. ಪೆರಾಕ್ ರಾಜ್ಯದ ತವರ ಗಣಿಗಳಲ್ಲಿ ತವರ ತೆಗೆದ ಮೇಲೆ ಉಳಿಯುವ ಭಾರವಾದ ಕಪ್ಪು ಮರಳಿಗೆ ಅಲ್ಲಿನ ಜನ ‘ಅಮಾಂಗ್’ ಎನ್ನುತ್ತಾರೆ. ಕೇರಳದ ಚವರ ಕಡಲತೀರದ ಮರಳಿನಲ್ಲಿರುವ ಮೋನಜೈಟ್ ಅಮಾಂಗಿನಲ್ಲೂ ಇದೆ. ಆ ಮೋನಜೈಟಿನಿಂದ ವಿರಳ ಧಾತು ತೆಗೆಯಲು ಜಪಾನಿನ ಮಿತ್ಸುಬಿಶಿ ಕೆಮಿಕಲ್ ಪಾಲುದಾರಿಕೆಯ ಏಷ್ಯನ್ ರೇರ್ ಅರ್ತ್ ಕಂಪನಿ ಇಪೋ ನಗರದ ಹತ್ತಿರದ ಬುಕಿತ್ ಮೇರಾದಲ್ಲಿ 1982ರಲ್ಲಿ ಕೆಲಸ ಆರಂಭಿಸಿತು. ಥೋರಿಯಂ ಕಸವನ್ನು ಎಲ್ಲಿ ಹೂಳಬೇಕೆಂಬ ಪ್ರಶ್ನೆಗೆ ಪಕ್ಕದ ಪಾಪನ್ ಊರಿನವರು 1984ರಲ್ಲಿ ಪ್ರತಿಭಟನೆಯ ಮೂಲಕ ಉತ್ತರ ಕೊಟ್ಟರು. 1985ರಲ್ಲಿ ಬುಕಿತ್ ಮೇರಾದ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1987ರ ‘ಆಪರೇಷನ್ ಲಲಾಂಗ್’ ಕಾರ್ಯಾಚರಣೆಯಲ್ಲಿ ಆಂತರಿಕ ಭದ್ರತಾ ಕಾಯ್ದೆಯಡಿ ಬಂಧಿತರಾದವರಲ್ಲಿ ಈ ಹೋರಾಟಗಾರರೂ ಇದ್ದರು. 1992ರ ಜುಲೈನಲ್ಲಿ ಇಪೋ ಉಚ್ಚ ನ್ಯಾಯಾಲಯ ಕಾರ್ಖಾನೆ ಮುಚ್ಚಬೇಕೆಂದು ತೀರ್ಪಿತ್ತಿತು. 1993ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನಲ್ಲಿ ಜನ ಸೋತರು. ಆದರೂ 1994ರಲ್ಲಿ ಕಂಪನಿ ಬಾಗಿಲು ಮುಚ್ಚಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ವೆಲ್ಡ್ ಗಣಿಯ ಅದಿರನ್ನು ಸಂಸ್ಕರಿಸಲು ಲೈನಾಸ್ ಕಂಪನಿ ಪಹಾಂಗ್ ರಾಜ್ಯದ ಕುವಾಂತಾನ್ ಬಳಿಯ ಗೆಬೆಂಗ್‌ನಲ್ಲಿ ಕಟ್ಟಿದ ಸ್ಥಾವರ 2012ರಲ್ಲಿ ಚಾಲನೆಗೊಂಡಿತು. ಅದೇ ವರ್ಷ ನವೆಂಬರಿನಲ್ಲಿ ‘ಹಿಂಪುನಾನ್ ಹಿಜಾವ್’ ಎಂಬ ಹಸಿರು ಚಳವಳಿಯ ಜನ ಕುವಾಂತಾನ್‌ನಿಂದ ಕೌಲಾಲಂಪುರದವರೆಗೆ ಸುಮಾರು 300 ಕಿಲೋಮೀಟರ್ ನಡೆದರು. ಸ್ಥಾವರ ಸುರಕ್ಷಿತವೆಂದು ಕಂಪನಿ ಹೇಳುತ್ತ ಬಂದಿದೆ. ಉಳಿಕೆ ಕಸದ ಬಗ್ಗೆ ಸ್ಥಳೀಯರ ಆತಂಕ ಅಡಗಿಲ್ಲ. ಇಲ್ಲಿ ಸುಲಭದ ಉತ್ತರವಿಲ್ಲ. ಚೀನಾವನ್ನು ಬಿಟ್ಟರೆ ಜಗತ್ತಿಗೆ ಈ ಧಾತುಗಳನ್ನು ಪ್ರತ್ಯೇಕಿಸಿ ಕೊಡಬಲ್ಲ ದೊಡ್ಡ ಸ್ಥಾವರಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಗೆಬೆಂಗ್ ಒಂದು. ಹೊಗೆಯಿಲ್ಲದ ವಾಹನ ಬೇಕು ಎನ್ನುವವರು ಅದರ ಅಯಸ್ಕಾಂತವೂ ಎಲ್ಲೋ ಒಂದೆಡೆ ತಯಾರಾಗಬೇಕು ಎಂಬುದನ್ನು ಒಪ್ಪಬೇಕಾಗುತ್ತದೆ. ಒಪ್ಪಿದ ಮೇಲೆ, ಆ ‘ಎಲ್ಲೋ’ ಯಾರ ಮನೆಯ ಪಕ್ಕ ಎಂಬುದೂ ಎಂಜಿನಿಯರಿಂಗ್ ಪ್ರಶ್ನೆಯೇ ಆಗುತ್ತದೆ. ಬಿಚ್ಚಿದ ಮೋಟಾರಿನ ಅಯಸ್ಕಾಂತ ಇದೇ ಸ್ಥಾವರದಿಂದ ಬಂದದ್ದೆಂದು ಯಾವ ವಿದ್ಯಾರ್ಥಿಯೂ ಸಾಧಿಸಲಾರ. ಹಾಗೆ ಸಾಧಿಸಲಾಗದಂತೆ ಸರಬರಾಜಿನ ದಾರಿ ಮಸುಕಾಗಿದೆ ಎಂಬುದೇ ಅವನ ವರದಿಯಲ್ಲಿ ಬರೆಯಬೇಕಾದ ಮೊದಲ ಸಂಗತಿ.

ಎರಡನೆಯ ಪ್ರಶ್ನೆ, ಸ್ಕೂಟರ್ ಎಲ್ಲಿಗೆ ಹೋಗುತ್ತದೆ ಎಂಬುದು. ಮಲೇಶಿಯಾದಲ್ಲಿ ಇದಕ್ಕೆ ವಿಚಿತ್ರ ಹಿನ್ನೆಲೆಯಿದೆ. ಇಂಥ ಚಿಕ್ಕ ವಿದ್ಯುತ್ ವಾಹನಗಳನ್ನು ರಸ್ತೆಯಲ್ಲಿ ಓಡಿಸುವುದನ್ನು ನಿಷೇಧಿಸುವ ನಿಯಮಗಳು 2021ರ ಡಿಸೆಂಬರಿನಲ್ಲಿ ಪ್ರಕಟವಾದವು. 2022ರ ಏಪ್ರಿಲ್‌ನಲ್ಲಿ ಆಗಿನ ಸಾರಿಗೆ ಸಚಿವ ವೀ ಕಾ ಸಿಯಾಂಗ್ ಅದನ್ನು ಸಾರ್ವಜನಿಕವಾಗಿ ಘೋಷಿಸಿದರು. ಅಪಘಾತಗಳ ಭಯ ನಿಷೇಧಕ್ಕೆ ಕಾರಣ. ಆ ಭಯ ನಿರಾಧಾರವೇನಲ್ಲ. ಆದರೆ ಕಾನೂನು ಓಡಿಸುವುದನ್ನು ತಡೆಯಿತೇ ಹೊರತು, ಕೊಂಡು ತಂದ ವಾಹನಗಳು ಮಾಯವಾಗಲಿಲ್ಲ. ಮನೆಯ ಮೂಲೆಯಲ್ಲಿ ಕೂತ ಸ್ಕೂಟರಿನ ಬ್ಯಾಟರಿ ಚಾರ್ಜಿಲ್ಲದೆ ಒಂದೆರಡು ವರ್ಷದಲ್ಲಿ ಸಾಯುತ್ತದೆ. ಸತ್ತ ಬ್ಯಾಟರಿಯ ಸ್ಕೂಟರ್ ಇ-ಕಸ.

ಪ್ರಯೋಗಾಲಯದ ಸ್ಕೂಟರಿನ ಗತಿಯೂ ಹೆಚ್ಚು ಬೇರೆಯಲ್ಲ. ಬಿಚ್ಚುವುದಕ್ಕೆ ಅಂಕವಿದೆ, ಚಿತ್ರ ಬರೆಯುವುದಕ್ಕೆ ಅಂಕವಿದೆ, ಮರಳಿ ಜೋಡಿಸಿ ಓಡಿಸುವುದಕ್ಕೆ ಎಷ್ಟೋ ಕಡೆ ಅಂಕವಿಲ್ಲ. ಸೆಮಿಸ್ಟರ್ ಮುಗಿದ ಮೇಲೆ ಭಾಗಗಳು ರಟ್ಟಿನ ಪೆಟ್ಟಿಗೆ ಸೇರುತ್ತವೆ, ಪೆಟ್ಟಿಗೆ ಮೇಜಿನ ಕೆಳಗೆ ಸೇರುತ್ತದೆ. ಮುಂದಿನ ಸೆಮಿಸ್ಟರಿಗೆ ಹೊಸ ತಂಡ, ಹೊಸ ಸ್ಕೂಟರ್. ಪರಿಸರಸ್ನೇಹಿ ವಾಹನದ ಅಧ್ಯಯನವೇ ಕಸದ ಉತ್ಪಾದನೆಯಾಗುವ ವಿಪರ್ಯಾಸವಿದು.

ಆ ಕಸಕ್ಕೆ ಮಲೇಶಿಯಾದಲ್ಲಿ ಕಾನೂನಿನ ಹೆಸರಿದೆ. 2005ರ ನಿಯಮಾವಳಿಯಂತೆ ಅದು ‘ಎಸ್‌ಡಬ್ಲ್ಯೂ 110’ ಸಂಕೇತದ ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವವರು ಮಾತ್ರ ಅದನ್ನು ಸಂಸ್ಕರಿಸಬೇಕು. ಕಾಗದದಾಚೆಗಿನ ವಾಸ್ತವ ಬೇರೆ. 2018ರಲ್ಲಿ ಚೀನಾ ಹೊರದೇಶಗಳ ಪ್ಲಾಸ್ಟಿಕ್ ಕಸಕ್ಕೆ ಬಾಗಿಲು ಮುಚ್ಚಿದಾಗ ಆ ಹರಿವು ಮಲೇಶಿಯಾದ ಕಡೆ ತಿರುಗಿತು; ಕುವಾಲಾ ಲಂಗಾಟ್ ಜಿಲ್ಲೆಯ ಜೆಂಜರೋಮ್ ಊರಿನ ಜನ ರಾತ್ರಿಯ ಹೊತ್ತು ಪ್ಲಾಸ್ಟಿಕ್ ಸುಡುವ ಹೊಗೆಯಲ್ಲಿ ಉಸಿರುಗಟ್ಟಿ ದೂರು ಕೊಡತೊಡಗಿದರು. ಕರೆಂಟಿನ ಹುಡುಗಿಯರು ದುಡಿದ ಜಿಲ್ಲೆಯೂ ಅದೇ. ಚಿಪ್ಪು ಮಾಡಿ ಕಳಿಸಿದ ನೆಲಕ್ಕೇ ಜಗತ್ತಿನ ಕಸ ಹಿಂತಿರುಗಿತು. ಇ-ಕಸ ತುಂಬಿದ ಕಂಟೇನರುಗಳನ್ನು ಪೋರ್ಟ್ ಕ್ಲಾಂಗ್ ಬಂದರಿನಲ್ಲಿ ತಡೆಹಿಡಿದ ಸುದ್ದಿಗಳು ಇತ್ತೀಚಿನ ವರ್ಷಗಳಲ್ಲಿ ಮತ್ತೆಮತ್ತೆ ಬಂದಿವೆ. 2025ರ ಜನವರಿ 1ರಿಂದ ಜಾರಿಯಾದ ಬಾಸೆಲ್ ಒಪ್ಪಂದದ ತಿದ್ದುಪಡಿಯಂತೆ, ಯಾವುದೇ ಬಗೆಯ ಇ-ಕಸವನ್ನು ಗಡಿ ದಾಟಿಸಲು ಆಮದು ದೇಶದ ಪೂರ್ವಸಮ್ಮತಿ ಬೇಕು. ಆದರೂ ತಪ್ಪು ಹೆಸರಿನ ಚೀಟಿ ಹಚ್ಚಿದ ಪೆಟ್ಟಿಗೆಗಳು ದಾರಿ ಹುಡುಕಿಕೊಳ್ಳುತ್ತವೆ.

ಆ ಪೆಟ್ಟಿಗೆಗಳನ್ನು ಬಿಚ್ಚುವವರು ಯಾರು ಎಂಬುದು ಮೂರನೆಯ ಪ್ರಶ್ನೆ. ಅಕ್ರಮ ಶೆಡ್ಡುಗಳ ಮೇಲಿನ ದಾಳಿಗಳ ವರದಿಯಲ್ಲಿ ತಪ್ಪದೆ ಬರುವ ಸಾಲೊಂದಿದೆ: ಇಷ್ಟು ಜನ ವಿದೇಶಿ ಕಾರ್ಮಿಕರನ್ನು ವಶಕ್ಕೆ ಪಡೆಯಲಾಯಿತು. ದಾಖಲೆಯಿಲ್ಲದೆ, ಮುಖಗವಸಿಲ್ಲದೆ, ಸುತ್ತಿಗೆ ಮತ್ತು ಉಳಿಯಿಂದ ಸರ್ಕ್ಯೂಟ್ ಹಲಗೆಗಳನ್ನು ಒಡೆದು ತಾಮ್ರ, ತವರ, ಚಿನ್ನದ ಲೇಪ ಬೇರ್ಪಡಿಸುವ ಕೈಗಳು ಅವು. ವಿಶ್ವವಿದ್ಯಾಲಯದ ಮೇಜಿನ ಮೇಲೆ ನಡೆಯುವುದೂ ಬಿಚ್ಚುವ ಕೆಲಸವೇ, ಶೆಡ್ಡಿನಲ್ಲಿ ನಡೆಯುವುದೂ ಬಿಚ್ಚುವ ಕೆಲಸವೇ. ಒಂದಕ್ಕೆ ‘ರಿವರ್ಸ್ ಎಂಜಿನಿಯರಿಂಗ್’ ಎಂಬ ಬಿರುದು, ಇನ್ನೊಂದಕ್ಕೆ ಗಡೀಪಾರಿನ ಆದೇಶ. ವಿದ್ಯಾರ್ಥಿಗೆ ಕೈಗವಸು ಕಡ್ಡಾಯ. ಕಾರ್ಮಿಕನಿಗೆ ಅದು ಕನಸು. ಶೆಡ್ಡಿನ ಕೆಲಸ ಸರಿಯೆಂದು ಹೇಳಲಾಗದು; ಅದು ಮಣ್ಣು, ನೀರು, ರಕ್ತ ಎಲ್ಲವನ್ನೂ ಕೆಡಿಸುತ್ತದೆ. ಆದರೆ ಶಿಕ್ಷೆ ತಟ್ಟುವುದು ಕಂಟೇನರ್ ತರಿಸಿದವನಿಗಿಂತ ಮೊದಲು ಅದನ್ನು ಬಿಚ್ಚಿದವನಿಗೆ.

ಇವೆರಡರ ನಡುವೆ ಮೂರನೆಯ ಕೈಯೊಂದಿದೆ: ಊರಿನ ಮೆಕ್ಯಾನಿಕ್. ಇಂಗ್ಲಿಷಿನ ‘ಫೋರ್‌ಮನ್’ ಮಲಯ ಬಾಯಲ್ಲಿ ‘ಪೋಮೆನ್’ ಆಗಿ ಮೋಟಾರು ರಿಪೇರಿ ಮಾಡುವವನಿಗೆ ಹೆಸರಾಗಿದೆ. ಅಲ್ಲಿನ ಜನ ಅಕ್ಕರೆಯಿಂದ ‘ಕಪ್ಚಾಯ್’ ಎನ್ನುವ ಸಣ್ಣ ಮೋಟಾರ್‌ಸೈಕಲ್ಲುಗಳು ದಶಕಗಟ್ಟಲೆ ಓಡುತ್ತಿರುವುದು ಈ ಪೋಮೆನ್‌ಗಳ ದೆಸೆಯಿಂದ. ಕೌಲಾಲಂಪುರದ ಪುಡು ಪ್ರದೇಶದ ಜಲಾನ್ ಪಸಾರ್ ಬೀದಿಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕೈಬೆರಳಲ್ಲೇ ಗುರುತಿಸುವ ಅಂಗಡಿಕಾರರು ಬೆಂಗಳೂರಿನ ಎಸ್.ಪಿ. ರಸ್ತೆಯ ವ್ಯಾಪಾರಿಗಳಿಗೆ ನೆಂಟರಿದ್ದಂತೆ. ಆದರೆ ವಿದ್ಯುತ್ ವಾಹನ ಈ ಪೋಮೆನ್‌ನ ಕೈಯನ್ನು ಕಟ್ಟಿಹಾಕುತ್ತಿದೆ. ಬ್ಯಾಟರಿಯನ್ನು ಗೋಂದಿನಿಂದ ಮುಚ್ಚಲಾಗುತ್ತದೆ, ಬಿಡಿಭಾಗ ಮಾರಲಾಗುವುದಿಲ್ಲ, ಕಂಟ್ರೋಲರಿನ ತಂತ್ರಾಂಶಕ್ಕೆ ಬೀಗ. ಯುರೋಪ್ ಈ ಬೀಗವನ್ನು ಕಾನೂನಿನಿಂದ ಸಡಿಲಿಸಲು ಹೊರಟಿದೆ: 2023ರ ಬ್ಯಾಟರಿ ನಿಯಮದಂತೆ, 2027ರ ಫೆಬ್ರವರಿ 18ರಿಂದ ಸ್ಕೂಟರಿನಂಥ ಹಗುರ ವಾಹನಗಳ ಬ್ಯಾಟರಿಯನ್ನು ಸ್ವತಂತ್ರ ಮೆಕ್ಯಾನಿಕ್ ಕೂಡ ತೆಗೆದು ಬದಲಿಸುವಂತಿರಬೇಕು. ಭಾರತ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ಆದರೆ ಅದು ಮಾಹಿತಿ ಕೊಡುತ್ತದೆಯೇ ಹೊರತು ಕಡ್ಡಾಯ ಮಾಡುವುದಿಲ್ಲ.

ಕನ್ನಡಿಗರಿಗೆ ಇದೆಲ್ಲ ದೂರದ ವಿಷಯವಲ್ಲ. ಮಣಿಪಾಲದ ಸಂಸ್ಥೆ 1997ರಲ್ಲಿ ಮಲಾಕಾದಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದಂದಿನಿಂದ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಮಲೇಶಿಯಾ ಪರಿಚಿತ ನೆಲ. ಎಂಜಿನಿಯರುಗಳಾಗಿ, ಅಧ್ಯಾಪಕರಾಗಿ ಅಲ್ಲಿಗೆ ಹೋದ ಕನ್ನಡಿಗರು ತಮ್ಮೊಂದಿಗೆ ಓದಿನ ಜೊತೆಗೆ ಒಂದು ಅಭ್ಯಾಸವನ್ನೂ ಒಯ್ದಿದ್ದಾರೆ: ಕೈಕೆಲಸವನ್ನು ಓದಿಗಿಂತ ಕೆಳಗೆ ಕೂರಿಸುವ ಅಭ್ಯಾಸ. ಬಿ.ಇ. ಮೇಲೆ, ಡಿಪ್ಲೊಮಾ ನಡುವೆ, ಐಟಿಐ ಕೆಳಗೆ ಎಂಬ ಏಣಿ ಕೇವಲ ಅಂಕಗಳ ಏಣಿಯಲ್ಲ. ಅದರ ಮೆಟ್ಟಿಲುಗಳಲ್ಲಿ ಜಾತಿಯ ಮರ ಬಳಕೆಯಾಗಿದೆ. ಆಯುಧಪೂಜೆಯ ದಿನ ಸ್ಪ್ಯಾನರಿಗೂ ಲೇತ್ ಯಂತ್ರಕ್ಕೂ ಕುಂಕುಮ ಹಚ್ಚುವ ಸಮಾಜ, ಉಳಿದ ದಿನಗಳಲ್ಲಿ ಆ ಸ್ಪ್ಯಾನರ್ ಹಿಡಿದವನನ್ನು ಜಗಲಿಯ ಆಚೆ ನಿಲ್ಲಿಸುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ತಮ್ಮ ಕಾಯಕದ ನೆಲೆಯಿಂದಲೇ ತತ್ತ್ವ ನುಡಿದರು ಎಂದು ವಿದೇಶದ ಕನ್ನಡ ಕೂಟಗಳ ವೇದಿಕೆಯಲ್ಲಿ ಹೆಮ್ಮೆಪಡುವುದು ಸುಲಭ. ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಬಿಚ್ಚುವವನ, ಗೋರಿಪಾಳ್ಯದ ಓಣಿಯಲ್ಲಿ ಹಳೆಯ ಕಂಪ್ಯೂಟರ್ ಒಡೆಯುವವನ ಮಾತನ್ನು ಜ್ಞಾನವೆಂದು ಒಪ್ಪುವುದು ಕಷ್ಟ.

ಈ ವಾದಕ್ಕೆ ಎದುರು ಬರುವ ಆಕ್ಷೇಪಗಳನ್ನು ಹಗುರವಾಗಿ ಕಾಣಬಾರದು. ವಿಶ್ವವಿದ್ಯಾಲಯದ ಕೆಲಸ ಎಂಜಿನಿಯರುಗಳನ್ನು ರೂಪಿಸುವುದು, ಮೆಕ್ಯಾನಿಕ್‌ಗಳನ್ನಲ್ಲ ಎಂಬುದು ಮೊದಲನೆಯದು. ಆದರೆ ರಿಪೇರಿಯಾಗದಂತೆ ಸ್ಕೂಟರನ್ನು ವಿನ್ಯಾಸ ಮಾಡುವವನೂ ಎಂಜಿನಿಯರೇ. ರಿಪೇರಿ ಮಾಡುವವನ ಕಷ್ಟವನ್ನು ಒಮ್ಮೆಯೂ ಕಾಣದವನು ಗೋಂದು ಸುರಿಯಲು ಹಿಂಜರಿಯುವುದಿಲ್ಲ. ಎರಡನೆಯದು ಸುರಕ್ಷತೆ. ಲಿಥಿಯಂ ಬ್ಯಾಟರಿಯನ್ನು ಅರಿಯದೆ ಮುಟ್ಟಿದರೆ ಬೆಂಕಿ ಹತ್ತುತ್ತದೆ ಎಂಬುದು ನಿಜ. 2022ರ ಬೇಸಿಗೆಯಲ್ಲಿ ಭಾರತದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದಾಗ ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿ, ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತು. ಆದರೆ ಅಪಾಯದ ಅರಿವು ಬೀಗದಿಂದ ಬರುವುದಿಲ್ಲ, ತರಬೇತಿಯಿಂದ ಬರುತ್ತದೆ; ಆ ತರಬೇತಿ ಹೆಚ್ಚು ಬೇಕಾಗಿರುವುದು ದಿನವೂ ಬ್ಯಾಟರಿ ಮುಟ್ಟುವ ಮೆಕ್ಯಾನಿಕ್‌ಗೆ. ಮೂರನೆಯದು ಸಮಯ. ಹದಿನಾಲ್ಕು ವಾರಗಳ ಸೆಮಿಸ್ಟರಿನಲ್ಲಿ ಇಷ್ಟೆಲ್ಲ ಸಾಧ್ಯವೇ? ಹತ್ತು ಸ್ಕೂಟರುಗಳನ್ನು ಅರ್ಧ ಕಲಿಯುವುದಕ್ಕಿಂತ ಒಂದನ್ನು ಪೂರ್ತಿ ಕಲಿಯುವುದು ಲಾಭ ಎಂಬುದೇ ಇದಕ್ಕೆ ಉತ್ತರ.

ಹಾಗಾದರೆ ಏನು ಮಾಡಬಹುದು? ಮೊದಲನೆಯದಾಗಿ, ತಂಡಕ್ಕೆ ಅರ್ಧದಷ್ಟಾದರೂ ಅಂಕ ಬಿಚ್ಚಿದ ವಾಹನವನ್ನು ಮರಳಿ ಜೋಡಿಸಿ, ಕ್ಯಾಂಪಸ್ಸಿನ ಅಂಗಳದಲ್ಲಿ ಓಡಿಸಿ ತೋರಿಸಿದ್ದಕ್ಕೆ ಸಿಗಬೇಕು. ಕೆಟ್ಟು ನಿಂತ ಸ್ಕೂಟರನ್ನೇ ತಂದು ರಿಪೇರಿ ಮಾಡಿದ್ದರೆ ಇನ್ನೂ ಒಳ್ಳೆಯದು. ಎರಡನೆಯದಾಗಿ, ಪೋಮೆನ್ ತರಗತಿಗೆ ಬರಬೇಕು. ಅತಿಥಿಯ ಶಾಲು ಹೊದ್ದು ಹೋಗಲಿಕ್ಕಲ್ಲ, ಗೌರವಧನ ಪಡೆದು ಪಾಠ ಹೇಳಲಿಕ್ಕೆ. ಮಲೇಶಿಯಾದಲ್ಲಿ ಇದಕ್ಕೆ ದಾರಿ ಇಲ್ಲದೇ ಇಲ್ಲ. 2006ರ ರಾಷ್ಟ್ರೀಯ ಕೌಶಲ ಅಭಿವೃದ್ಧಿ ಕಾಯ್ದೆಯಡಿ ಅನುಭವದ ಆಧಾರದ ಮೇಲೆ ಕೌಶಲ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ದುಡಿಮೆಯ ಅನುಭವವನ್ನು ವಿಶ್ವವಿದ್ಯಾಲಯ ಪ್ರವೇಶಕ್ಕೆ ಅರ್ಹತೆಯೆಂದು ಪರಿಗಣಿಸುವ ‘ಎಪೆಲ್’ ಎಂಬ ವ್ಯವಸ್ಥೆಯೂ ಇದೆ. ಒಳಬರುವವನಿಗೆ ತೆರೆದ ಬಾಗಿಲು ಕಲಿಸಬರುವವನಿಗೂ ತೆರೆಯಲಿ. ಮೂರನೆಯದಾಗಿ, ಪ್ರತಿ ವರದಿಯ ಕೊನೆಗೆ ಎರಡು ಪುಟಗಳು ಕಡ್ಡಾಯವಾಗಬೇಕು: ಪ್ರಮುಖ ಭಾಗಗಳ ಮೂಲ ಎಷ್ಟರಮಟ್ಟಿಗೆ ಪತ್ತೆಯಾಯಿತು, ಎಲ್ಲಿ ದಾರಿ ಕಡಿದುಹೋಯಿತು ಎಂಬುದಕ್ಕೆ ಒಂದು ಪುಟ, ಮರಳಿ ಬಳಸಲಾಗದ ಭಾಗಗಳನ್ನು ಯಾವ ಪರವಾನಗಿದಾರರಿಗೆ ಒಪ್ಪಿಸಲಾಯಿತು ಎಂಬ ರಸೀದಿಗೆ ಇನ್ನೊಂದು ಪುಟ. ರಸೀದಿ ಇಲ್ಲದ ತಂಡಕ್ಕೆ ಪೂರ್ಣಾಂಕವಿಲ್ಲ. ವಾಷಿಂಗ್ಟನ್ ಒಪ್ಪಂದ ಹೇಳುವ ಸಮಾಜ ಮತ್ತು ಪರಿಸರದ ಅರಿವು ಎಂಬ ಮಾತು ಹೀಗಾದರೆ ಮಾತ್ರ ಕಾಗದದಿಂದ ಇಳಿದು ಮೇಜಿಗೆ ಬರುತ್ತದೆ. ಬೆಂಗಳೂರು, ಸುರತ್ಕಲ್, ಹುಬ್ಬಳ್ಳಿಯ ಕಾಲೇಜುಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಇವುಗಳಿಂದ ಗೆಬೆಂಗ್‌ನ ಕಸ ಕರಗುವುದಿಲ್ಲ. ಶೆಡ್ಡಿನ ಕಾರ್ಮಿಕನಿಗೆ ನಾಳೆಯೇ ದಾಖಲೆ ಸಿಗುವುದಿಲ್ಲ. ಆದರೆ ನಾಲ್ಕು ವರ್ಷಗಳ ನಂತರ ಆ ಮೇಜಿನ ಸುತ್ತ ನಿಂತವರಲ್ಲಿ ಒಬ್ಬಳು ಬ್ಯಾಟರಿ ವಿನ್ಯಾಸ ಮಾಡುತ್ತಾಳೆ, ಒಬ್ಬ ಪರಿಸರ ಇಲಾಖೆಯಲ್ಲಿ ಪರವಾನಗಿ ಪರಿಶೀಲಿಸುತ್ತಾನೆ, ಇನ್ನೊಬ್ಬಳು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಸಹಿ ಹಾಕುತ್ತಾಳೆ. ಗೋಂದೋ ಸ್ಕ್ರೂವೋ ಎಂಬ ತೀರ್ಮಾನ ಅವರ ಕೈಯಲ್ಲಿರುತ್ತದೆ. ಅಂದು ಅವರಿಗೆ ಸಮೀಕರಣದ ಜೊತೆಗೆ ಪುಡುವಿನ ಅಂಗಡಿಯವನ ಬೆರಳುಗಳೂ ಜೆಂಜರೋಮಿನ ಹೊಗೆಯೂ ನೆನಪಾದರೆ, ಆ ಸೆಮಿಸ್ಟರಿನಲ್ಲಿ ಬಿಚ್ಚಿದ ಸ್ಕೂಟರ್ ವ್ಯರ್ಥವಾಗಲಿಲ್ಲ ಎನ್ನಬಹುದು.